ಮಾತನ್ನು ಮರಳಿ ಕಲಿಸಿದ ವೈದ್ಯ: ಅಲೆಕ್ಸಾಂಡರ್ ಲೂರಿಯಾ

ತಲೆಗೆ ಪೆಟ್ಟು ಬಿದ್ದವರು ಬದುಕಿ ಮನೆಗೆ ಬಂದರೆ ಸಾಕೆಂದು ನಾವು ಹರಕೆ ಹೊರುತ್ತೇವೆ. ಮನೆಗೆ ಬಂದ ಮೇಲಿನ ಬದುಕಿನ ಬಗ್ಗೆ ನಮಗೆ ಯಾರೂ ಹೇಳಿರುವುದಿಲ್ಲ. ಜತ್ತ ತಾಲ್ಲೂಕಿನ ಕನ್ನಡ ಶಾಲೆಯೊಂದರ ಪಾಲಕರೊಬ್ಬರು ಬೈಕಿನಿಂದ ಬಿದ್ದು, ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಯ್ದು ಮನೆ ಸೇರಿದರು. ನಡೆಯುತ್ತಾರೆ, ಉಣ್ಣುತ್ತಾರೆ, ಆದರೆ ಎದುರಿಗೆ ನಿಂತ ಮಗಳ ಹೆಸರು ಬಾಯಿಗೆ ಬಾರದು. ಅವರನ್ನು ಕಂಡು ಹಿಂದಿರುಗುವಾಗ ನಮಗೆ ನೆನಪಾದವರು ರಷ್ಯದ ಅಲೆಕ್ಸಾಂಡರ್ ರೊಮಾನೊವಿಚ್ ಲೂರಿಯಾ.

ಲೂರಿಯಾ ಹುಟ್ಟಿದ್ದು 1902ರಲ್ಲಿ, ವೋಲ್ಗಾ ತೀರದ ಕಜಾನ್ ನಗರದಲ್ಲಿ. ತಂದೆ ವೈದ್ಯರು, ತಾಯಿ ದಂತವೈದ್ಯೆ. 1921ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಅವರು ಮನಶ್ಶಾಸ್ತ್ರದ ಕಡೆಗೆ ಹೊರಳಿದರು. 1924ರಲ್ಲಿ ಪರಿಚಯವಾದ ಲೆವ್ ವೈಗಾಟ್ಸ್ಕಿ ಅವರ ಚಿಂತನೆಯ ದಿಕ್ಕನ್ನೇ ಬದಲಿಸಿದರು. ಮಗುವಿನ ಕಲಿಕೆಯಲ್ಲಿ ಭಾಷೆಯ ಪಾತ್ರವೇನೆಂಬುದನ್ನು ಶಿಕ್ಷಕ ತರಬೇತಿಯಲ್ಲಿ ಓದಿದವರೆಲ್ಲರೂ ವೈಗಾಟ್ಸ್ಕಿಯ ಹೆಸರನ್ನು ಬಲ್ಲರು. ಅವರು 1934ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಆ ವೇಳೆಗೆ ಪ್ರಾಧ್ಯಾಪಕರಾಗಿ ಹೆಸರು ಮಾಡಿದ್ದ ಲೂರಿಯಾ ಮತ್ತೆ ವಿದ್ಯಾರ್ಥಿಯಾಗಿ ವೈದ್ಯಕೀಯ ಓದಿ 1937ರಲ್ಲಿ ಪದವಿ ಪಡೆದರು. ಕೆಲಸದ ನಡುವೆ ತಡವಾಗಿ ಬಿ.ಎಡ್. ಮುಗಿಸಿದ ನಮ್ಮಂಥವರಿಗೆ ಈ ಸಂಗತಿ ವಿಶೇಷವಾಗಿ ಪ್ರಿಯವಾದುದು.

1941ರಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಂಡೆತ್ತಿ ಬಂದಿತು. ಗುಂಡು ಮತ್ತು ಸಿಡಿಚೂರುಗಳಿಂದ ಮಿದುಳಿಗೆ ಗಾಯವಾದ ಯೋಧರಿಗಾಗಿ ಆಸ್ಪತ್ರೆಯೊಂದನ್ನು ಕಟ್ಟುವ ಹೊಣೆ ಲೂರಿಯಾರ ಪಾಲಿಗೆ ಬಂದಿತು. ಯುರಾಲ್ ಪರ್ವತಸೀಮೆಯ ಚೆಲ್ಯಾಬಿನ್ಸ್ಕ್ ಬಳಿ, ಕಿಸೆಗಾಚ್ ಎಂಬ ಹಳ್ಳಿಯಲ್ಲಿ 400 ಹಾಸಿಗೆಗಳ ಆರೋಗ್ಯಧಾಮವೊಂದಿತ್ತು. ಅದನ್ನೇ ಅವರು ಆಸ್ಪತ್ರೆಯಾಗಿ ಮಾರ್ಪಡಿಸಿದರು. ಉಪಕರಣಗಳು ಅಲ್ಪ, ಆದರೂ ಪ್ರಯೋಗಾಲಯದ ಜೊತೆಗೆ ತರಬೇತಿಯ ಕೊಠಡಿಗಳೂ ಸಿದ್ಧವಾದವು. ಗಾಯ ಮಾಯ್ದರೆ ಚಿಕಿತ್ಸೆ ಮುಗಿಯಿತೆಂದು ಅವರು ಬಗೆಯಲಿಲ್ಲ. ಮಾತು, ಓದು, ಬರಹ, ಲೆಕ್ಕ, ನೆನಪು ಇವೆಲ್ಲವನ್ನೂ ಮತ್ತೆ ಕಲಿಸುವುದು ಆಸ್ಪತ್ರೆಯದೇ ಕೆಲಸವೆಂದು ತಿಳಿದರು.

ಅವರ ವಿಚಾರವನ್ನು ಸರಳವಾಗಿ ಹೀಗೆ ಹೇಳಬಹುದು. ಓದುವುದಾಗಲಿ ಮಾತಾಡುವುದಾಗಲಿ ಮಿದುಳಿನ ಒಂದೇ ಮೂಲೆಯ ಕೆಲಸವಲ್ಲ. ಕಣದಲ್ಲಿ ಹಲವು ಆಳುಗಳು ಕೂಡಿ ರಾಶಿ ಮಾಡುವಂತೆ, ಹಲವು ಭಾಗಗಳು ಕೂಡಿ ಅದನ್ನು ನಡೆಸುತ್ತವೆ. ಒಬ್ಬ ಆಳು ಬಿದ್ದರೆ ಕೆಲಸ ನಿಲ್ಲುತ್ತದೆ, ನಿಜ. ಆದರೆ ಉಳಿದವರನ್ನು ಬೇರೆ ರೀತಿಯಲ್ಲಿ ನಿಲ್ಲಿಸಿ ಕೆಲಸವನ್ನು ಮತ್ತೆ ಹೂಡಬಹುದು. ಪದ ಬಲ್ಲ, ವಾಕ್ಯ ಬಲ್ಲ, ಆದರೆ ಒಂದು ಸಂಗತಿಯನ್ನು ಸರಣಿಯಾಗಿ ಹೇಳಲಾರದ ರೋಗಿಗಳಿದ್ದರು. ಅಂಥವರ ಮುಂದೆ ಲೂರಿಯಾ ‘ಆಮೇಲೆ’, ‘ಆದರೆ’, ‘ಆದ್ದರಿಂದ’ ಎಂಬಂಥ ಜೋಡಿಸುವ ಪದಗಳ ಚೀಟಿಗಳನ್ನಿಟ್ಟರು. ಚೀಟಿಯ ಆಸರೆ ಹಿಡಿದು ಕಥನ ಮುಂದಕ್ಕೆ ಸಾಗಿತು. ಇದು ಔಷಧಿಯಲ್ಲ, ಪಾಠ. ಒಂದನೆಯ ತರಗತಿಯ ಗುರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ರೋಗಿಗಳಲ್ಲಿ ಲೋಕಕ್ಕೆ ಪರಿಚಿತನಾದವನು ಜಸೆತ್ಸ್ಕಿ. 1943ರ ಮಾರ್ಚ್ 2ರಂದು, ಸ್ಮೊಲೆನ್ಸ್ಕ್ ಕಡೆಯ ಕಾಳಗದಲ್ಲಿ, ಗುಂಡೊಂದು ಅವನ ತಲೆಯ ಎಡಭಾಗವನ್ನು ಹೊಕ್ಕಿತು. ಆಗ ಅವನು 23ರ ಯುವಕ, ತಾಂತ್ರಿಕ ವಿದ್ಯಾರ್ಥಿ. ಎಚ್ಚರಗೊಂಡಾಗ ಅವನಿಗೆ ಅಕ್ಷರಗಳು ಗುರುತು ಸಿಗಲಿಲ್ಲ. ಎಡ ಯಾವುದು, ಬಲ ಯಾವುದು ತಿಳಿಯಲಿಲ್ಲ. ಕಣ್ಣಿಗೆ ಬಲಪಕ್ಕದ ಜಗತ್ತೇ ಇಲ್ಲವಾಗಿತ್ತು. ಅಪ್ಪನ ಅಣ್ಣ ಎಂದರೂ ಅಣ್ಣನ ಅಪ್ಪ ಎಂದರೂ ಅವನಿಗೆ ವ್ಯತ್ಯಾಸ ಹೊಳೆಯುತ್ತಿರಲಿಲ್ಲ. ಓದನ್ನು ಮತ್ತೆ ಅಕ್ಷರದಿಂದಲೇ ಆರಂಭಿಸಬೇಕಾಯಿತು. ಬರಹದಲ್ಲಿ ಮಾತ್ರ ಬೇರೆ ದಾರಿ ತೆರೆಯಿತು. ಒಂದೊಂದೇ ಅಕ್ಷರವನ್ನು ನೆನೆಯದೆ, ಕೈ ಎತ್ತದೆ, ಪದವನ್ನು ಒಂದೇ ಉಸಿರಿಗೆ ಬರೆಯುವಂತೆ ವೈದ್ಯರು ಸೂಚಿಸಿದರು. ಕೈಗೆ ಹಳೆಯ ರೂಢಿ ಇತ್ತು, ಅಕ್ಷರ ಮೂಡಿತು! ತಾನು ಬರೆದುದನ್ನು ತಾನೇ ಓದಲು ಹೆಣಗುತ್ತ, ದಿನವೆಲ್ಲ ಕುಳಿತು ಪುಟವೊಂದು ತುಂಬಿದರೆ ಅದೇ ಹೆಚ್ಚೆಂಬಂತೆ, ಅವನು ಸುಮಾರು 25 ವರ್ಷಗಳಲ್ಲಿ 3000ಕ್ಕೂ ಮಿಕ್ಕಿ ಪುಟಗಳನ್ನು ಬರೆದನು. ಅವನು ಪೂರ್ಣ ಗುಣವಾಗಲಿಲ್ಲವೆಂಬುದನ್ನೂ ಹೇಳಲೇಬೇಕು. ಲೂರಿಯಾ ಅವನ ಕೈ ಬಿಡಲಿಲ್ಲ; 1971ರಲ್ಲಿ ಅವನ ಬರಹವನ್ನೇ ಆಧರಿಸಿ ಒಂದು ಪುಸ್ತಕ ಪ್ರಕಟಿಸಿದರು.

ಯುದ್ಧಾನಂತರ, 1947 ಮತ್ತು 1948ರಲ್ಲಿ, ಗಾಯದಿಂದ ನಷ್ಟವಾದ ಮಾತಿನ ಬಗ್ಗೆಯೂ ಮಿದುಳಿನ ಕಾರ್ಯಗಳ ಪುನಃಸ್ಥಾಪನೆಯ ಬಗ್ಗೆಯೂ ಅವರ ಗ್ರಂಥಗಳು ಹೊರಬಂದವು. ಆದರೆ 1950ರ ದಶಕದ ಆರಂಭದಲ್ಲಿ ಸೈದ್ಧಾಂತಿಕ ದಬ್ಬಾಳಿಕೆಗೆ ಸಿಕ್ಕಿ ಅವರ ಪ್ರಯೋಗಾಲಯ ಕೈತಪ್ಪಿತು. ಲೂರಿಯಾ ಬುದ್ಧಿಮಾಂದ್ಯ ಮಕ್ಕಳ ನಡುವೆ ಕೆಲಸ ಮಾಡುತ್ತ ಆ ವರ್ಷಗಳನ್ನು ಕಳೆದು, ದಶಕದ ಕೊನೆಗೆ ನರಶಸ್ತ್ರಚಿಕಿತ್ಸಾ ಸಂಸ್ಥೆಗೆ ಮರಳಿದರು. 1977ರಲ್ಲಿ ಮಾಸ್ಕೋದಲ್ಲಿ ನಿಧನರಾದರು.

ಅವರ ವಿಧಾನಕ್ಕೆ ಆಧಾರವೇ ರೋಗಿಯ ಭಾಷೆ. ಇಲ್ಲಿಯೇ ನಮ್ಮ ಗಡಿನಾಡಿನ ಕಷ್ಟ ಎದುರಾಗುತ್ತದೆ. ಮೇಲೆ ಹೇಳಿದ ಪಾಲಕರಿಗೆ ಹತ್ತಿರದ ನಗರದಲ್ಲಿ ವಾಕ್ ಚಿಕಿತ್ಸೆ ದೊರೆಯಿತು, ಮರಾಠಿಯಲ್ಲಿ. ಪೆಟ್ಟಿಗೆ ಮುನ್ನ ಅವರು ಸಂತೆಯಲ್ಲಿ ಮರಾಠಿ ಆಡುತ್ತಿದ್ದರು. ಮನೆಯಲ್ಲಿ, ಹೊಲದಲ್ಲಿ, ಜಗಳದಲ್ಲಿ ಆಡಿದ್ದು ಕನ್ನಡ. ಚಿತ್ರ ತೋರಿಸಿ ಹೆಸರು ಕೇಳಿದಾಗ ಅವರು ಸುಮ್ಮನಿದ್ದುದನ್ನು ಪೆಟ್ಟಿನ ಫಲವೆಂದೇ ಬರೆದುಕೊಳ್ಳಲಾಯಿತು. ಕನ್ನಡದಲ್ಲಿ ಈ ಸೇವೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಕೂಲಿ ಬಿಟ್ಟು ಅಷ್ಟು ದೂರ ಎಷ್ಟು ಸಲ ಹೋಗಲಾದೀತು? ಗಡಿ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಂದು ದಿನವಾದರೂ ಕನ್ನಡ ಬಲ್ಲ ವಾಕ್ ಚಿಕಿತ್ಸಕರು ಬರಲೆಂದು ನಾವು ಮನವಿ ಬರೆಯುತ್ತಿದ್ದೇವೆ. ಸಹಿ ಹಾಕುವ ಪಾಲಕರು ಶಾಲೆಗೆ ಬರಬಹುದು.

ಅಲ್ಲಿಯವರೆಗೆ ಆರನೆಯ ತರಗತಿಯ ಆ ಮಗಳೇ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಚಿತ್ರ ಬರೆದು, ಕೆಳಗೆ ಕನ್ನಡದಲ್ಲಿ ಹೆಸರು ಬರೆದು, ಸಂಜೆ ಅಪ್ಪನ ಮುಂದೆ ಹರಡುತ್ತಾಳೆ. ಕಳೆದ ವಾರ ಅವರು ‘ಎಮ್ಮೆ’ ಎಂದರಂತೆ.