ಬ್ರೂಸ್ ಮೆಕ್ಲಾರೆನ್: ಕಾರಿನ ಹೆಸರಿನ ಹಿಂದಿದ್ದ ಮನುಷ್ಯ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಕವಿಗಳ ಬಗ್ಗೆ, ಇಲ್ಲವೇ ಗಡಿಭಾಗದಲ್ಲಿ ಕನ್ನಡ ಶಾಲೆ ಉಳಿಸಿದ ಹಿರಿಯರ ಬಗ್ಗೆ ಬರೆಯುತ್ತೇವೆ. ಈ ಸಲ ಕಾರ್ ರೇಸಿನವರೊಬ್ಬರ ಬಗ್ಗೆ ಬರೆದಿರುವುದಕ್ಕೆ ಕಾರಣವಿದೆ. ಹೊಸೂರಿನ ಸುತ್ತ ವಾಹನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಯುವ ಸದಸ್ಯರಲ್ಲಿ ಫಾರ್ಮುಲಾ ಒನ್ ನೋಡುವವರು ಹಲವರಿದ್ದಾರೆ. ಸೋಮವಾರ ಅವರ ಬಾಯಲ್ಲಿ ಎರಡೇ ದೂರು. ನಿನ್ನೆಯ ರೇಸು ಸಪ್ಪೆ, ಮೊದಲ ಸುತ್ತಿನಲ್ಲಿ ಮುಂದಿದ್ದವನೇ ಕೊನೆಗೂ ಮುಂದೆ ಎಂಬುದು ಒಂದು. ತಮ್ಮ ಮೆಚ್ಚಿನ ತಂಡ ಸೋತು ಸುಣ್ಣವಾಗಿದೆ, ಇನ್ನು ಏಳುವುದಿಲ್ಲ ಎಂಬುದು ಇನ್ನೊಂದು. ಸಪ್ಪೆ ರೇಸು, ಸೊರಗಿದ ತಂಡ ಎರಡನ್ನೂ ಕಂಡವರು ಬ್ರೂಸ್ ಮೆಕ್ಲಾರೆನ್. ಜೂನ್ 2 ಅವರು ತೀರಿಕೊಂಡ ದಿನ. ಕಿತ್ತಳೆ ಬಣ್ಣದ ಆ ಕಾರುಗಳ ಹೆಸರು ಎಲ್ಲರಿಗೂ ಗೊತ್ತು, ಅದೊಬ್ಬ ಮನುಷ್ಯನ ಹೆಸರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಬ್ರೂಸ್ ಹುಟ್ಟಿದ್ದು 1937ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ. ತಂದೆ ಲೆಸ್, ತಾಯಿ ರೂತ್. ರೆಮುವೆರಾ ಎಂಬ ಬಡಾವಣೆಯಲ್ಲಿ ಅವರದೊಂದು ಪೆಟ್ರೋಲ್ ಬಂಕು, ಪಕ್ಕದಲ್ಲೇ ಗ್ಯಾರೇಜು. ಒಂಬತ್ತನೆಯ ವಯಸ್ಸಿನಲ್ಲಿ ಹುಡುಗನ ಸೊಂಟದ ಕೀಲಿಗೆ ಪರ್ಥೀಸ್ ಎಂಬ ಕಾಯಿಲೆ ತಗುಲಿತು. ತೊಡೆಮೂಳೆಯ ತುದಿಗೆ ರಕ್ತ ಸರಿಯಾಗಿ ಹರಿಯದೆ ಅದು ಸವೆಯುವ ರೋಗ ಅದು. ಟಾಕಾಪುನಾದ ವಿಲ್ಸನ್ ಹೋಮ್ ಎಂಬ ಮಕ್ಕಳ ಆರೈಕೆ ಕೇಂದ್ರದಲ್ಲಿ, ಕಾಲುಗಳನ್ನು ಎಳೆದು ಕಟ್ಟಿದ ಸ್ಥಿತಿಯಲ್ಲಿ, ಸುಮಾರು ಎರಡು ವರ್ಷ ಮಲಗಿ ಕಳೆಯಬೇಕಾಯಿತು. ಓಡಿಯಾಡುವ ವಯಸ್ಸಿನ ಮಗುವಿಗೆ ಎರಡು ವರ್ಷವೆಂದರೆ ಎಷ್ಟು ಉದ್ದವೆಂದು ಮಕ್ಕಳನ್ನು ಸಾಕಿದವರಿಗೆ ಹೇಳಬೇಕಿಲ್ಲ. ಎದ್ದು ನಡೆದಾಗ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು. ಆ ಕುಂಟು ಕೊನೆಯವರೆಗೂ ಉಳಿಯಿತು. ಆಟದ ಮೈದಾನ ಮುಚ್ಚಿದ ಬಾಗಿಲಾಯಿತು, ಗ್ಯಾರೇಜಿನ ಬಾಗಿಲು ತೆರೆದೇ ಇತ್ತು.

ತಂದೆ ಒಂದು ಹಳೆಯ ಆಸ್ಟಿನ್ 7 ಅಲ್‌ಸ್ಟರ್ ಕಾರನ್ನು ತಂದರು. ಅಪ್ಪ ಮಗ ಸೇರಿ ಅದನ್ನು ಓಡುವ ಸ್ಥಿತಿಗೆ ತಂದರು. ಮೀಸೆ ಮೂಡುವ ಮೊದಲೇ ಬ್ರೂಸ್ ಅದರಲ್ಲಿ ಗುಡ್ಡ ಹತ್ತುವ ಸ್ಪರ್ಧೆಗೆ ಇಳಿದಿದ್ದರು. ಮುಂದೆ ಎಂಜಿನಿಯರಿಂಗ್ ಓದಲು ಸೇರಿದರು, ಆದರೆ ರೇಸು ಓದನ್ನು ನುಂಗಿತು. ಆಸ್ಟ್ರೇಲಿಯಾದ ಜಾಕ್ ಬ್ರಾಭಂ ಈ ಕುಟುಂಬಕ್ಕೆ ಪರಿಚಿತರಾಗಿದ್ದು, ಹುಡುಗನ ಕೈಚಳಕ ಕಂಡಿದ್ದರು. 1958ರಲ್ಲಿ ನ್ಯೂಜಿಲೆಂಡಿನ ರೇಸ್ ಸಂಘದವರು ಪ್ರತಿಭಾವಂತ ಚಾಲಕನೊಬ್ಬನನ್ನು ಯೂರೋಪಿಗೆ ಕಳಿಸುವ ಯೋಜನೆ ಶುರು ಮಾಡಿದಾಗ ಮೊದಲ ಆಯ್ಕೆ ಬ್ರೂಸ್ ಆದರು. ದೂರದೂರಿನ ಹುಡುಗನಿಗೆ ಚಂದಾ ಎತ್ತಿ ದಾರಿ ಮಾಡಿಕೊಡುವ ಈ ರೀತಿ ನಮ್ಮಂಥ ಸಣ್ಣ ಸಂಘಗಳಿಗೂ ಅಪರಿಚಿತವಲ್ಲ.

ಇಂಗ್ಲೆಂಡಿನಲ್ಲಿ ಸೇರಿದ್ದು ಕೂಪರ್ ತಂಡಕ್ಕೆ. ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಇಟ್ಟು ಗ್ರ್ಯಾನ್ ಪ್ರಿ ಕಾರುಗಳ ರೂಪವನ್ನೇ ಬದಲಿಸಿದ ತಂಡ ಅದು. 1959ರ ಡಿಸೆಂಬರ್ 12ರಂದು ಅಮೆರಿಕದ ಸೆಬ್ರಿಂಗ್‌ನಲ್ಲಿ ಆ ವರ್ಷದ ಕೊನೆಯ ರೇಸು. ತಂಡದ ಹಿರಿಯ ಬ್ರಾಭಂ ಮುಂದೆ, ಬ್ರೂಸ್ ಹಿಂದೆ. ಕೊನೆಯ ಸುತ್ತಿನಲ್ಲಿ ಬ್ರಾಭಂ ಅವರ ಕಾರಿನಲ್ಲಿ ಪೆಟ್ರೋಲ್ ಮುಗಿಯಿತು. ಅವರು ಇಳಿದು ಕಾರನ್ನು ತಳ್ಳಿಕೊಂಡೇ ಗೆರೆ ದಾಟಿ ನಾಲ್ಕನೆಯವರಾದರು, ವಿಶ್ವ ಚಾಂಪಿಯನ್ ಪಟ್ಟವೂ ಅವರದೇ ಆಯಿತು. ರೇಸು ಮಾತ್ರ ಬ್ರೂಸ್ ಪಾಲಾಯಿತು, ಎರಡನೆಯವರಿಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ. ಆಗ ಅವರಿಗೆ 22 ವರ್ಷ 104 ದಿನ. ಇಂಡಿಯಾನಾಪೊಲಿಸ್ ಓಟ ಬಿಟ್ಟರೆ ಅಷ್ಟು ಚಿಕ್ಕ ವಯಸ್ಸಿಗೆ ಗ್ರ್ಯಾನ್ ಪ್ರಿ ಗೆದ್ದವರಿರಲಿಲ್ಲ. ಆ ದಾಖಲೆ 2003ರಲ್ಲಿ ಫರ್ನಾಂಡೊ ಅಲೊನ್ಸೊ ಹಂಗರಿಯಲ್ಲಿ ಗೆಲ್ಲುವವರೆಗೂ ನಿಂತಿತು.

1960ರಲ್ಲಿ ಅರ್ಜೆಂಟೀನಾದಲ್ಲಿ ಗೆದ್ದು ಆ ವರ್ಷದ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯ ಸ್ಥಾನ, 1962ರಲ್ಲಿ ಮೊನಾಕೊ ಗೆಲುವು. ಬ್ರೂಸ್ ತಮ್ಮ ಕಾಲದ ಅತಿ ವೇಗದ ಚಾಲಕರೇನಲ್ಲ. ಜಿಮ್ ಕ್ಲಾರ್ಕ್, ಸ್ಟರ್ಲಿಂಗ್ ಮಾಸ್ ಅವರ ಸಾಲಿನಲ್ಲಿ ಅವರನ್ನು ನಿಲ್ಲಿಸಲು ನಮ್ಮ ಮನಸ್ಸೂ ಒಪ್ಪುವುದಿಲ್ಲ. ಕಾರನ್ನು ಕೆಡಿಸದೆ ಕೊನೆಯವರೆಗೆ ತರುವುದು, ಅದಕ್ಕೇನು ಬೇಕೆಂದು ಮೆಕ್ಯಾನಿಕ್ಕುಗಳಿಗೆ ಬಿಡಿಸಿ ಹೇಳುವುದು ಅವರ ಶಕ್ತಿ.

1963ರಲ್ಲಿ ಸ್ವಂತ ಕಂಪನಿ ತೆರೆದರು. ಲಂಡನ್ ಬಳಿಯ ನ್ಯೂ ಮಾಲ್ಡನ್‌ನಲ್ಲಿ ಮಣ್ಣುನೆಲದ ಒಂದು ಶೆಡ್ಡೇ ಕಾರ್ಯಾಗಾರ. ಮರುವರ್ಷವೇ ಪೆಟ್ಟು ಬಿತ್ತು. ಟಾಸ್ಮೇನಿಯಾದ ಲಾಂಗ್‌ಫೋರ್ಡ್‌ನಲ್ಲಿ ಅಭ್ಯಾಸದ ವೇಳೆ ತಂಡದ ಅಮೆರಿಕನ್ ಚಾಲಕ ಟಿಮ್ಮಿ ಮೇಯರ್ ಸತ್ತರು. ಗೆಳೆಯನ ಬಗ್ಗೆ ಬ್ರೂಸ್ ಬರೆದ ಶ್ರದ್ಧಾಂಜಲಿಯನ್ನು ರೇಸಿನ ಜನ ಇಂದಿಗೂ ನೆನೆಯುತ್ತಾರೆ. ಟಿಮ್ಮಿಯ ಅಣ್ಣ ಟೆಡ್ಡಿ ಮೇಯರ್ ವಕೀಲಿ ಓದಿದವರು. ಅವರು ದೂರ ಸರಿಯಲಿಲ್ಲ, ಬ್ರೂಸ್ ಜೊತೆಗೇ ನಿಂತು ತಂಡದ ವ್ಯವಹಾರ ಹೊತ್ತರು.

ಫಾರ್ಮುಲಾ ಒನ್‌ಗೆ ತಮ್ಮದೇ ಕಾರು ಇಳಿಸಿದ್ದು 1966ರ ಮೇ 22ರಂದು, ಮೊನಾಕೊದಲ್ಲಿ. ಆ ವರ್ಷದಿಂದ 3 ಲೀಟರ್ ಎಂಜಿನ್ ನಿಯಮ ಬಂದಿತ್ತು. ಎಲ್ಲರೂ ಎಂಜಿನ್ ಹುಡುಕುತ್ತಿದ್ದರು. ಬ್ರೂಸ್ ಇಂಡಿಯಾನಾಪೊಲಿಸ್‌ಗಾಗಿ ಮಾಡಿದ ಫೋರ್ಡ್ ವಿ8 ಎಂಜಿನ್ನನ್ನು ಕಿರಿದುಗೊಳಿಸಿ ಹಾಕಿದರು. ಅದು ಭಾರ, ಸದ್ದು ವಿಪರೀತ, ಶಕ್ತಿ ಸಾಲದು. ರಾಬಿನ್ ಹರ್ಡ್ ಎಂಬ ಎಂಜಿನಿಯರ್ ವಿಮಾನಗಳಿಗೆ ಬಳಸುವ ಹಗುರ ಮರ ಮತ್ತು ಅಲ್ಯೂಮಿನಿಯಂ ಹಾಳೆಯಿಂದ ಅಚ್ಚುಕಟ್ಟಾದ ಮೈ ಮಾಡಿಕೊಟ್ಟಿದ್ದರು. ಒಳಗಿನ ಹೃದಯವೇ ಸರಿಯಿಲ್ಲದ ಮೇಲೆ ಮೈ ಏನು ಮಾಡೀತು? ಒಂಬತ್ತನೆಯ ಸುತ್ತಿನಲ್ಲಿ ಎಣ್ಣೆ ಸೋರಿ ಕಾರು ನಿಂತಿತು. ಮುಂದಿನ ರೇಸಿಗೆ ಇಟಲಿಯ ಸೆರೆನಿಸಿಮಾ ಎಂಜಿನ್ ತಂದರೆ ಅದು ಅಭ್ಯಾಸದಲ್ಲೇ ಕೆಟ್ಟಿತು, ಓಟಕ್ಕೆ ನಿಲ್ಲಲೂ ಆಗಲಿಲ್ಲ. ಇಡೀ ವರ್ಷ ಗಳಿಸಿದ್ದು 3 ಅಂಕ. ಇಂದಿನ ಅಭಿಮಾನಿಗಳು ಆಗ ಇದ್ದಿದ್ದರೆ ಎರಡನೇ ರೇಸಿಗೇ ತಂಡಕ್ಕೆ ತಿಥಿ ಮಾಡಿರುತ್ತಿದ್ದರು.

ಅದೇ ಜೂನ್‌ನಲ್ಲಿ ಕ್ರಿಸ್ ಏಮನ್ ಜೊತೆ ಫೋರ್ಡ್ ಕಾರಿನಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಬ್ರೂಸ್ ಗೆದ್ದರು. ‘ಫೋರ್ಡ್ ವರ್ಸಸ್ ಫೆರಾರಿ’ ಚಿತ್ರ ನೋಡಿದವರಿಗೆ ಆ ವಿವಾದ ಗೊತ್ತೇ ಇದೆ. ಕಾರುಗಳು ಜೊತೆಯಾಗಿ ಗೆರೆ ದಾಟಿದವು, ಇವರ ಕಾರು ಹೊರಟದ್ದು ಹಿಂದಿನಿಂದ, ಆದ್ದರಿಂದ ಕೆಲವು ಮೀಟರ್ ಹೆಚ್ಚು ಓಡಿದೆ ಎಂದು ತೀರ್ಪಾಯಿತು. ಕೆನ್ ಮೈಲ್ಸ್‌ಗೆ ಅನ್ಯಾಯವಾಯಿತೆಂದು ನಮಗೂ ಅನಿಸುತ್ತದೆ, ಆದರೆ ಅದರಲ್ಲಿ ಬ್ರೂಸ್ ಅವರ ತಪ್ಪಿಲ್ಲ.

ಸೊರಗಿದ ತಂಡ ಉಳಿದದ್ದು ಹೇಗೆ? ಲೆಕ್ಕದ ಪುಸ್ತಕ ಬರೆದೇ ನೌಕರಿ ಮುಗಿಸಿದ ನಮಗೆ ಈ ಭಾಗ ಎಲ್ಲಕ್ಕಿಂತ ಹಿಡಿಸಿತು. ಅಮೆರಿಕ ಮತ್ತು ಕೆನಡಾದಲ್ಲಿ ಕ್ಯಾನ್-ಆಮ್ ಎಂಬ ರೇಸುಗಳ ಸರಣಿ ಇತ್ತು. ಎಂಜಿನ್ ಗಾತ್ರಕ್ಕೆ ಮಿತಿಯಿಲ್ಲ, ಬಹುಮಾನದ ಹಣ ಧಾರಾಳ. ಬ್ರೂಸ್ ಅದಕ್ಕೆಂದು ದೊಡ್ಡ ಷೆವ್ರೊಲೆ ಎಂಜಿನ್ನಿನ ಕಿತ್ತಳೆ ಕಾರುಗಳನ್ನು ಕಟ್ಟಿದರು. 1967ರಲ್ಲಿ ಆರರಲ್ಲಿ ಐದು ರೇಸು ತಂಡದ ಪಾಲಾಯಿತು. 1969ರಲ್ಲಂತೂ ಹನ್ನೊಂದಕ್ಕೆ ಹನ್ನೊಂದು: ಬ್ರೂಸ್ ಆರು, ಅವರ ದೇಶದವರೇ ಆದ ಡೆನ್ನಿ ಹಲ್ಮ್ ಐದು. ಎರಡು ಕಿತ್ತಳೆ ಕಾರು ಮುಂದೆ, ಉಳಿದವರು ಎಲ್ಲೋ ಹಿಂದೆ. ಪ್ರೇಕ್ಷಕರಿಗೆ ಇಬ್ಬರಲ್ಲಿ ಯಾರು ಎಂಬುದಷ್ಟೇ ಕುತೂಹಲ. ಇದಕ್ಕಿಂತ ಸಪ್ಪೆ ರೇಸು ಬೇಕೆ? ಆದರೆ ಆ ಸಪ್ಪೆ ಗೆಲುವುಗಳ ಹಣವೇ ಫಾರ್ಮುಲಾ ಒನ್ ಕಾರಿನ ಖರ್ಚಿಗೆ ಆಧಾರವಾಯಿತು. ಗಿರಾಕಿಗಳಿಗೆ ಮಾರುವ ಕಾರುಗಳನ್ನು ಟ್ರೋಜನ್ ಎಂಬ ಕಂಪನಿಗೆ ವಹಿಸಿ ಅಲ್ಲಿಂದಲೂ ಆದಾಯ ಮಾಡಿಕೊಂಡರು. ಪಕ್ಕದ ಅಂಗಡಿಯ ಲಾಭದಲ್ಲಿ ಮನೆಯ ಹೊಲ ಉಳಿಸಿಕೊಂಡ ಹಾಗೆ.

1968ರ ಜೂನ್ 9ರಂದು ಬೆಲ್ಜಿಯಂನ ಸ್ಪಾದಲ್ಲಿ ಫಲ ಸಿಕ್ಕಿತು. ಕಾರಿಗೆ ಈಗ ಒಳ್ಳೆಯ ಕಾಸ್ವರ್ತ್ ಎಂಜಿನ್ ಇತ್ತು. ಮುಂದಿದ್ದ ಜಾಕಿ ಸ್ಟೀವರ್ಟ್ ಇನ್ನೇನು ಗೆದ್ದರು ಎನ್ನುವಾಗ ಇಂಧನ ಮುಗಿದು ಪಿಟ್‌ಗೆ ತಿರುಗಿದರು. ತಮ್ಮದು ಎರಡನೆಯ ಸ್ಥಾನವೆಂದೇ ನಂಬಿ ಬ್ರೂಸ್ ಗೆರೆ ದಾಟಿದರು. ಗೆದ್ದದ್ದು ತಾವೇ ಎಂದು ತಿಳಿದದ್ದು ಕಾರು ನಿಲ್ಲಿಸಿದ ಮೇಲೆ. ಮೆಕ್ಲಾರೆನ್ ಕಾರಿನ ಮೊದಲ ಗ್ರ್ಯಾನ್ ಪ್ರಿ ಗೆಲುವು ಅದು, ಬ್ರೂಸ್ ಅವರ ನಾಲ್ಕನೆಯದು, ಕೊನೆಯದೂ ಹೌದು.

1970ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹಲ್ಮ್ ಅವರ ಕೈಗಳು ಬೆಂಕಿಯಲ್ಲಿ ಸುಟ್ಟವು. ಜೂನ್ 2ರಂದು ಬ್ರೂಸ್ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹೊಸ ಕ್ಯಾನ್-ಆಮ್ ಕಾರನ್ನು ಪರೀಕ್ಷಿಸುತ್ತಿದ್ದರು. ನೇರ ದಾರಿಯಲ್ಲಿ ವೇಗವಾಗಿ ಹೋಗುವಾಗ ಹಿಂಭಾಗದ ಹೊದಿಕೆ ಕಿತ್ತುಬಂತು. ಹಿಡಿತ ತಪ್ಪಿದ ಕಾರು ಪಕ್ಕದ ಕಟ್ಟೆಗೆ ಅಪ್ಪಳಿಸಿತು. ರೇಸಿಲ್ಲ, ಪ್ರೇಕ್ಷಕರಿಲ್ಲ, ಮಾಮೂಲಿ ಕೆಲಸದ ದಿನ. ಅವರಿಗೆ 32 ವರ್ಷ. ಹೆಂಡತಿ ಪ್ಯಾಟಿ ಮತ್ತು ಪುಟ್ಟ ಮಗಳು ಅಮಾಂಡಾ ಉಳಿದರು.

ತಂಡ ಬೆಲ್ಜಿಯಂ ರೇಸಿಗೆ ಹೋಗಲಿಲ್ಲ. ಆದರೆ ಹನ್ನೆರಡು ದಿನಗಳ ನಂತರ, ಜೂನ್ 14ರಂದು, ಕೆನಡಾದ ಮೋಸ್ಪೋರ್ಟ್‌ನಲ್ಲಿ ಕಿತ್ತಳೆ ಕಾರುಗಳು ಸಾಲಿನಲ್ಲಿ ನಿಂತಿದ್ದವು. ಬ್ರೂಸ್ ಜಾಗದಲ್ಲಿ ಕುಳಿತ ಡ್ಯಾನ್ ಗರ್ನಿ ಗೆದ್ದರು. ಹಲ್ಮ್ ವಾಸಿಯಾಗದ ಕೈಗಳಲ್ಲೇ ಓಡಿಸಿದರು, ವರ್ಷದ ಕೊನೆಗೆ ಚಾಂಪಿಯನ್ ಆದರು. ಟೆಡ್ಡಿ ಮೇಯರ್ ಮತ್ತೊಂದು ಸಾವಿನ ನಂತರವೂ ತಂಡ ನಡೆಸಿದರು.

1974 ಮತ್ತು 1976ರಲ್ಲಿ ಆ ತಂಡದ ಚಾಲಕರು ವಿಶ್ವ ಚಾಂಪಿಯನ್ ಆದರು. ದಶಕದ ಕೊನೆಗೆ ತಂಡ ಮತ್ತೆ ಕುಸಿಯಿತು. 1988ರಲ್ಲಿ ಹದಿನಾರರಲ್ಲಿ ಹದಿನೈದು ರೇಸು ಗೆದ್ದಿತು. 2015ರಲ್ಲಿ ಹತ್ತು ತಂಡಗಳಲ್ಲಿ ಒಂಬತ್ತನೆಯದು. ಆ ವರ್ಷ ಅದರ ಕಾರು ಓಡಿಸಿದವರಲ್ಲಿ ಒಬ್ಬರು, ಬ್ರೂಸ್ ದಾಖಲೆ ಮುರಿದಿದ್ದ ಅದೇ ಅಲೊನ್ಸೊ. 2024ರಲ್ಲಿ, 26 ವರ್ಷಗಳ ಬಳಿಕ, ತಂಡಗಳ ಚಾಂಪಿಯನ್‌ಷಿಪ್ ಮತ್ತೆ ಕಿತ್ತಳೆ ಕಾರಿಗೆ ಬಂತು.

ಬ್ರೂಸ್ ಅವರನ್ನು ಆಕ್ಲೆಂಡ್‌ನ ವೈಕುಮೆಟೆ ಸ್ಮಶಾನದಲ್ಲಿ ಮಣ್ಣು ಮಾಡಲಾಗಿದೆ. ಅಪ್ಪ ಮಗ ಸೇರಿ ರಿಪೇರಿ ಮಾಡಿದ ಆ ಪುಟ್ಟ ಆಸ್ಟಿನ್ 7 ಕಾರನ್ನು ಇಂಗ್ಲೆಂಡಿನ ವೋಕಿಂಗ್‌ನಲ್ಲಿರುವ ತಂಡದ ಕೇಂದ್ರದಲ್ಲಿ, ಗೆದ್ದ ಕಾರುಗಳ ಜೊತೆಯಲ್ಲಿ, ಕಾಪಾಡಿಟ್ಟಿದ್ದಾರೆ.

— ಕಾರ್ಯದರ್ಶಿ