ಲೈಸೆನ್ಸ್ ನಂಬರ್ 1ರ ಬದುಕಿನಲ್ಲಿ ಸಿಕ್ಕ ಉತ್ತರ

ವಿಮಾನಯಾನವನ್ನು ಸರ್ಕಾರ ಮತ್ತೆ ತನ್ನ ಹಿಡಿತಕ್ಕೆ ತೆಗೆದುಕೊಳ್ಳಬೇಕೇ? ಕ್ಯಾಂಪಸ್ ಸಂದರ್ಶನದ ಗುಂಪು ಚರ್ಚೆಯಲ್ಲೋ ಸ್ಪರ್ಧಾತ್ಮಕ ಪರೀಕ್ಷೆಯ ಪ್ರಬಂಧದಲ್ಲೋ ಈ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ಬೇಕು ಎನ್ನುವವರು ಟಿಕೆಟ್ ದರ ತೋರಿಸುತ್ತಾರೆ. ಬೇಡ ಎನ್ನುವವರು ಸರ್ಕಾರದ ಕೈಯಲ್ಲಿದ್ದ ಏರ್ ಇಂಡಿಯಾದ ಸಾಲ ತೋರಿಸುತ್ತಾರೆ. ಪರೀಕ್ಷೆಗೆ ಓದುತ್ತಿರುವ ನಾನು ಇದಕ್ಕೆ ಉತ್ತರ ಹುಡುಕಿದ್ದು ಜೆ.ಆರ್.ಡಿ. ಟಾಟಾ ಅವರ ಬದುಕಿನಲ್ಲಿ. ಭಾರತದ ವಿಮಾನಯಾನದ ಜೊತೆ ಸರ್ಕಾರ ಇಟ್ಟುಕೊಂಡ ಎಲ್ಲ ಬಗೆಯ ಸಂಬಂಧವನ್ನೂ ಒಂದೇ ಜೀವಮಾನದಲ್ಲಿ ಕಂಡವರು ಅವರು.

ಜೆ.ಆರ್.ಡಿ. ಹುಟ್ಟಿದ್ದು 1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ. ತಂದೆ ರತನ್‌ಜಿ ದಾದಾಭಾಯ್ ಟಾಟಾ, ತಾಯಿ ಫ್ರಾನ್ಸಿನವರು. ಬೇಸಿಗೆ ರಜೆ ಕಳೆಯುತ್ತಿದ್ದ ಫ್ರಾನ್ಸಿನ ಕಡಲತೀರದ ಊರಿನಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊದಲು ಹಾರಿ ದಾಟಿದ ಲೂಯಿ ಬ್ಲೇರಿಯೋ ಅವರ ಕುಟುಂಬ ನೆರೆಯಲ್ಲೇ ಇತ್ತು. ಹುಡುಗನಿಗೆ ವಿಮಾನದ ಹುಚ್ಚು ಹಿಡಿದದ್ದು ಅಲ್ಲಿಯೇ. 1929ರ ಫೆಬ್ರುವರಿ 10ರಂದು ಅವರ ಕೈಗೆ ಪೈಲಟ್ ಲೈಸೆನ್ಸ್ ಬಂತು. ಭಾರತದಲ್ಲಿ ಕೊಟ್ಟ ಲೈಸೆನ್ಸ್‌ಗಳಲ್ಲಿ ಅದು ನಂಬರ್ 1.

ಆ ಬಳಿಕ ಭಾರತ ಮತ್ತು ಇಂಗ್ಲೆಂಡ್ ನಡುವೆ ಒಂಟಿಯಾಗಿ ಹಾರುವ ಭಾರತೀಯನಿಗೆ ಆಗಾ ಖಾನ್ ಬಹುಮಾನ ಘೋಷಣೆಯಾಯಿತು. ಜೆ.ಆರ್.ಡಿ. ಕರಾಚಿಯಿಂದ ಹೊರಟರು, ಆಸ್ಪಿ ಎಂಜಿನಿಯರ್ ಎಂಬ ಹದಿಹರೆಯದ ಯುವಕ ಇಂಗ್ಲೆಂಡಿನಿಂದ ಹೊರಟಿದ್ದ. ಈಜಿಪ್ಟಿನಲ್ಲಿ ಇಬ್ಬರೂ ಎದುರಾದರು. ಆಸ್ಪಿಯ ಹತ್ತಿರ ಬದಲಿ ಸ್ಪಾರ್ಕ್ ಪ್ಲಗ್ ಇರಲಿಲ್ಲ. ಜೆ.ಆರ್.ಡಿ. ತಮ್ಮಲ್ಲಿದ್ದುದನ್ನು ಕೊಟ್ಟರು. ಗೆದ್ದದ್ದು ಆಸ್ಪಿ. ಆತ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಪೈಪೋಟಿ ಇರಬೇಕು, ಆದರೆ ಅದು ನ್ಯಾಯವಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1932ರಲ್ಲಿ ಅವರು, ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್ ಜೊತೆ ಸೇರಿ ಅಂಚೆ ವಿಮಾನ ಶುರು ಮಾಡಿದರು. ಬಂಡವಾಳ 2 ಲಕ್ಷ ರೂಪಾಯಿ. ಬ್ರಿಟಿಷ್ ಸರ್ಕಾರ ಸಹಾಯಧನ ಕೊಡಲಿಲ್ಲ. ಹೊತ್ತ ಅಂಚೆಗೆ ತಕ್ಕಷ್ಟೇ ಹಣ. ಅಕ್ಟೋಬರ್ 15ರಂದು ಜೆ.ಆರ್.ಡಿ. ಪುಟ್ಟ ಪುಸ್ ಮಾತ್ ವಿಮಾನವನ್ನು ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈನ ಜುಹುಗೆ ತಂದರು. ಅಹಮದಾಬಾದಿನಲ್ಲಿ ಪೆಟ್ರೋಲ್ ಬಂದದ್ದು ಎತ್ತಿನಗಾಡಿಯಲ್ಲಿ. ಮುಂಬೈಯಿಂದ ಮದ್ರಾಸಿಗೆ ವಿನ್ಸೆಂಟ್ ಹಾರಿದರು, ನಡುವಿನ ನಿಲ್ದಾಣ ನಮ್ಮ ಬಳ್ಳಾರಿ. ದೇಶದ ಮೊದಲ ವಿಮಾನ ಮಾರ್ಗಗಳಲ್ಲೊಂದು ಬಳ್ಳಾರಿಯ ಮೇಲೆ ಹಾದುಹೋಗಿತ್ತು ಎಂದು ಓದಿದಾಗ ಅದೇ ಜಿಲ್ಲೆಯವನಾದ ನನಗೆ ಹೆಮ್ಮೆಯೆನಿಸಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. ಅಮೆರಿಕದ ಸೇನೆ ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಗತೊಡಗಿದವು. 1946ರಲ್ಲಿ ಸರ್ಕಾರ ಲೈಸೆನ್ಸ್ ಮಂಡಳಿ ರಚಿಸಿತು. ಆ ಮಂಡಳಿ ಇದ್ದ ಪ್ರಯಾಣಿಕರಿಗೆ ಹೋಲಿಸಿದರೆ ತೀರಾ ಹೆಚ್ಚು ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿತು. ಜೆ.ಆರ್.ಡಿ. ಇದನ್ನು ಬಹಿರಂಗವಾಗಿಯೇ ಟೀಕಿಸಿದರು. ಕೆಲವೇ ವರ್ಷಗಳಲ್ಲಿ ಬಹುತೇಕ ಕಂಪನಿಗಳು ನಷ್ಟಕ್ಕೆ ಬಿದ್ದವು, ಕೆಲವು ಬಾಗಿಲು ಹಾಕಿದವು. ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಉದ್ಯಮ ಕೆಟ್ಟದ್ದು ನಿಯಂತ್ರಣವೇ ಇಲ್ಲದೆ ಅಲ್ಲ, ನಿಯಂತ್ರಿಸುವವರು ಲೆಕ್ಕ ನೋಡದೆ ಮೊಹರು ಒತ್ತಿದ್ದರಿಂದ.

ಈ ನಡುವೆ ಟಾಟಾ ಏರ್‌ಲೈನ್ಸ್ 1946ರಲ್ಲೇ ಏರ್ ಇಂಡಿಯಾ ಎಂಬ ಹೆಸರು ಪಡೆದಿತ್ತು. 1948ರ ಜೂನ್ 8ರಂದು ಸರ್ಕಾರದ ಪಾಲುದಾರಿಕೆಯ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಮಲಬಾರ್ ಪ್ರಿನ್ಸೆಸ್ ವಿಮಾನ ಮುಂಬೈಯಿಂದ ಲಂಡನ್‌ಗೆ ಹಾರಿತು. ಸರ್ಕಾರದ ಪಾಲು ಶೇ 49. ಖಾಸಗಿ ಆಡಳಿತ, ಸರ್ಕಾರದ ಬೆಂಬಲ ಎರಡೂ ಸೇರಿದ ಈ ಮಾದರಿ ಚೆನ್ನಾಗಿಯೇ ನಡೆಯಿತು. ಆದರೂ 1953ರಲ್ಲಿ ರಾಷ್ಟ್ರೀಕರಣ ಬಂತು. ಎಂಟು ದೇಶೀಯ ಕಂಪನಿಗಳು ಸೇರಿ ಇಂಡಿಯನ್ ಏರ್‌ಲೈನ್ಸ್ ಆದವು. ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಕೂಡ ಸರ್ಕಾರದ್ದಾಯಿತು. ಸಲಹೆ ಕೇಳದೆ ತೀರ್ಮಾನ ಮಾಡಿದರೆಂದು ಜೆ.ಆರ್.ಡಿ.ಗೆ ನೋವಾಯಿತು, ಅದನ್ನು ಪ್ರಧಾನಿ ನೆಹರೂ ಅವರಿಗೆ ತಿಳಿಸಿದರು ಕೂಡ. ಆದರೆ ಏರ್ ಇಂಡಿಯಾ ಅಧ್ಯಕ್ಷರಾಗಿ ಎಂದು ನೆಹರೂ ಕೇಳಿದಾಗ ಮುನಿಸಿಕೊಂಡು ಕೂರಲಿಲ್ಲ. ಸಂಬಳವಿಲ್ಲದೆ ಸುಮಾರು 25 ವರ್ಷ ದುಡಿದರು.

ಪ್ರಯಾಣ ಮಾಡುವಾಗಲೆಲ್ಲ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಕಾಫಿಯ ರುಚಿ, ಪರದೆಯ ಬಣ್ಣ, ಸೀಟಿನ ಕೋನ, ಕೌಂಟರ್ ಮೇಲಿನ ದೂಳು ಯಾವುದನ್ನೂ ಬಿಡುತ್ತಿರಲಿಲ್ಲ. ಸರ್ಕಾರಿ ಸಂಸ್ಥೆಯಾಗಿದ್ದರೂ ಏರ್ ಇಂಡಿಯಾ ಲೋಕವೇ ಮೆಚ್ಚುವ ಸೇವೆ ಕೊಟ್ಟಿತು. ಸರ್ಕಾರ ದಿನನಿತ್ಯದ ಕೆಲಸದಲ್ಲಿ ಕೈಹಾಕದೆ ಅವರನ್ನು ಅವರ ಪಾಡಿಗೆ ಬಿಟ್ಟಿದ್ದು ಇದಕ್ಕೆ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆಯಿತು. ಒಳ್ಳೆಯ ವ್ಯಕ್ತಿಯನ್ನು ನಂಬಿ ನಿಂತ ವ್ಯವಸ್ಥೆ ಒಂದು ಸಹಿಯಿಂದ ಬದಲಾಗಬಹುದು ಎಂದು ಆಗ ಗೊತ್ತಾಯಿತು. 2021ರಲ್ಲಿ ಮಾರಾಟದ ಹೊತ್ತಿಗೆ ಏರ್ ಇಂಡಿಯಾದ ಸಾಲ 60 ಸಾವಿರ ಕೋಟಿ ರೂಪಾಯಿ ದಾಟಿತ್ತು. ಆ ಹೊರೆಯ ದೊಡ್ಡ ಪಾಲು ಬಿದ್ದದ್ದು ಎಂದೂ ವಿಮಾನ ಹತ್ತದ ತೆರಿಗೆದಾರರ ಮೇಲೆ.

1982ರಲ್ಲಿ, 78ನೇ ವಯಸ್ಸಿನಲ್ಲಿ, ಜೆ.ಆರ್.ಡಿ. ಮತ್ತೆ ಕರಾಚಿಯಿಂದ ಮುಂಬೈಗೆ ಪುಟ್ಟ ವಿಮಾನ ಹಾರಿಸಿದರು. 1992ರಲ್ಲಿ ಭಾರತರತ್ನ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. 1953ರ ಕಾಯ್ದೆ ರದ್ದಾಗಿ ಖಾಸಗಿಯವರಿಗೆ ಪೂರ್ತಿ ಬಾಗಿಲು ತೆರೆದದ್ದು 1994ರ ಮಾರ್ಚ್‌ನಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಬಾಗಿಲು ತೆರೆದದ್ದರಿಂದ ನಮ್ಮಂಥವರಿಗೆ ಲಾಭವಾಗಿದೆ. 2003ರಲ್ಲಿ ಬೆಂಗಳೂರಿನಿಂದ ಹೊರಟ ಏರ್ ಡೆಕ್ಕನ್, ಸಾಮಾನ್ಯರೂ ಹಾರಬಹುದು ಎಂದು ತೋರಿಸಿತು. ಆದರೆ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ನೆಲಕ್ಕಿಳಿದವು. ಈಗ ದೇಶದೊಳಗೆ ಹಾರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಎರಡೇ ಸಮೂಹಗಳ ವಿಮಾನ ಹತ್ತುತ್ತಾರೆ. 2025ರ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನಗಳು ರದ್ದಾಗಿ ದರ ಗಗನಕ್ಕೇರಿದಾಗ, 500 ಕಿ.ಮೀ. ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ ಮೀರಬಾರದು ಎಂದು ಸರ್ಕಾರವೇ ಮಿತಿ ಹಾಕಬೇಕಾಯಿತು.

ಹಾಗಾದರೆ ಆ ಮಿತಿ ಸದಾ ಇರಲಿ ಎನ್ನೋಣವೇ? ಸಂದರ್ಶನದ ಕರೆ ನಮಗೆ ಬರುವುದೇ ಮೂರು ದಿನ ಮುಂಚೆ, ಕೊನೆಯ ಗಳಿಗೆಯ ದುಬಾರಿ ಟಿಕೆಟ್ ಕಂಡು ನನಗೂ ಹಾಗನ್ನಿಸಿದ್ದುಂಟು. ಆದರೆ ಕೊನೆಯಲ್ಲಿ ಹೆಚ್ಚು ಕೊಡುವವರಿಂದಲೇ ಮೊದಲು ಕಾಯ್ದಿರಿಸಿದವರಿಗೆ ಅಗ್ಗದ ಸೀಟು ಸಿಗುತ್ತದೆ. ಶಾಶ್ವತ ಮಿತಿ ಬಂದರೆ ಆ ಅಗ್ಗದ ಸೀಟೂ ಹೋಗಬಹುದು, ಲಾಭವಿಲ್ಲದ ಊರುಗಳ ವಿಮಾನವೂ ನಿಲ್ಲಬಹುದು.

ಜೆ.ಆರ್.ಡಿ. ಬದುಕು ನನಗೆ ಹೇಳುವುದು ಇಷ್ಟು: ಸರ್ಕಾರ ಮಾಲೀಕನಾಗುವುದು ಬೇಡ, ಆದರೆ ಪಕ್ಕಕ್ಕೆ ಸರಿದು ಸುಮ್ಮನೆ ನಿಲ್ಲುವುದೂ ಬೇಡ. ಸುರಕ್ಷತೆ ಮತ್ತು ಪೈಲಟ್‌ಗಳ ವಿಶ್ರಾಂತಿಯಲ್ಲಿ ರಾಜಿ ಇರಬಾರದು. ಒಂದಿಬ್ಬರೇ ಆಕಾಶವನ್ನು ಹಂಚಿಕೊಳ್ಳದಂತೆ ಸ್ಪರ್ಧಾ ಆಯೋಗ ಎಚ್ಚರವಾಗಿರಬೇಕು. ವಿಮಾನ ರದ್ದಾದರೆ ಪರಿಹಾರ ತಾನಾಗಿ ಕೈಗೆ ಬರಬೇಕು. ಬಿಕ್ಕಟ್ಟಿನಲ್ಲಿ ಮಾತ್ರ, ಇಂತಿಷ್ಟು ದಿನವೆಂದು ಹೇಳಿ ದರ ಮಿತಿ ಹಾಕಬೇಕು. 1932ರಲ್ಲಿ ಸಿಗದ ಸಹಾಯಧನ ಇಂದು ಉಡಾನ್ ಯೋಜನೆಯಲ್ಲಿ ಇದೆ. ಬಳ್ಳಾರಿ ಬಳಿಯ ವಿದ್ಯಾನಗರ, ಬೀದರ್, ಕಲಬುರಗಿ ವಿಮಾನ ನಕ್ಷೆಗೆ ಬಂದದ್ದು ಅದರಿಂದ. ಅದು ಮುಂದುವರಿಯಲಿ.

ಆ ಎರಡು ಸಮೂಹಗಳಲ್ಲಿ ಒಂದು ಜೆ.ಆರ್.ಡಿ. ಕಟ್ಟಿದ ಮನೆಯೇ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹಕ್ಕೆ ಮರಳಿದೆ. ಈ ನಿಯಮಗಳು ಅದಕ್ಕೂ ಅಷ್ಟೇ ಬಿಗಿಯಾಗಿ ಅನ್ವಯವಾಗಬೇಕು. ಎದುರಾಳಿಗೆ ಸ್ಪಾರ್ಕ್ ಪ್ಲಗ್ ಕೊಟ್ಟ ವ್ಯಕ್ತಿ ಇದಕ್ಕೆ ಬೇಡ ಎನ್ನುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.