ಹದಿಹರೆಯದ ತಳಮಳಕ್ಕೆ ಹೆಸರಿಟ್ಟ ಎರಿಕ್ ಎರಿಕ್ಸನ್

ಚೆನ್ನಾಗಿ ಓದುತ್ತಿದ್ದ ಮಗ ಪದವಿಯ ನಡುವೆ ಕಾಲೇಜು ಬಿಟ್ಟು ಕೋಣೆ ಸೇರುತ್ತಾನೆ. ಎಲ್ಲರೊಡನೆ ನಗುನಗುತ್ತಾ ಇದ್ದ ಮಗಳು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಾಳೆ. ಇದು ರೋಗವೋ, ಸೋಮಾರಿತನವೋ, ವಯೋಸಹಜ ಗುಣವೋ ತಿಳಿಯದೆ ಹೆತ್ತವರು ಕಂಗಾಲಾಗುತ್ತಾರೆ. ಈ ಪ್ರಶ್ನೆಯನ್ನು ಜೀವನದ ಬಹುಭಾಗ ಬೆನ್ನಟ್ಟಿದವರು ಮನೋವಿಶ್ಲೇಷಕ ಎರಿಕ್ ಎರಿಕ್ಸನ್. ನಮ್ಮ ಬಿ.ಎಡ್., ಡಿ.ಎಡ್. ವಿದ್ಯಾರ್ಥಿಗಳಿಗೆ ಅವರು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾದ ಎಂಟು ಹಂತಗಳ ಕರ್ತೃ. ಆದರೆ ಆ ಎಂಟು ಹಂತಗಳ ಹಿಂದೆ, ತಾನು ಯಾರೆಂದು ತಿಳಿಯದೆ ಬೆಳೆದ ಒಬ್ಬ ಹುಡುಗನ ಕಥೆಯಿದೆ.

ತಂದೆಯ ಹೆಸರಿಲ್ಲದ ಬಾಲ್ಯ

ಎರಿಕ್ಸನ್ ಜನಿಸಿದ್ದು 1902ರ ಜೂನ್ 15ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ಬಳಿ. ತಾಯಿ ಕಾರ್ಲಾ ಅಬ್ರಹಾಂಸನ್ ಡೆನ್ಮಾರ್ಕಿನ ಯಹೂದಿ ಕುಟುಂಬದ ಹೆಣ್ಣುಮಗಳು. ಮಗು ಹುಟ್ಟುವ ಮೊದಲೇ ಆಕೆಯ ದಾಂಪತ್ಯ ಮುರಿದಿತ್ತು. ಮಗುವಿನ ನಿಜವಾದ ತಂದೆ ಯಾರೆಂಬುದನ್ನು ತಾಯಿ ಕೊನೆಯವರೆಗೂ ಬಾಯಿಬಿಡಲಿಲ್ಲ. 1905ರಲ್ಲಿ ಆಕೆ ಕಾರ್ಲ್ಸ್‌ರೂಹೆ ನಗರದ ಮಕ್ಕಳ ವೈದ್ಯ ಥಿಯೋಡೋರ್ ಹೋಂಬರ್ಗರ್ ಅವರನ್ನು ಮದುವೆಯಾದರು. ಆ ವೈದ್ಯರೇ ಹೆತ್ತ ತಂದೆಯೆಂದು ಮಗುವನ್ನು ನಂಬಿಸಲಾಯಿತು.

ಹುಡುಗನ ಕೂದಲು ಹೊಂಬಣ್ಣ, ಕಣ್ಣು ನೀಲಿ, ಮೈಕಟ್ಟು ಎತ್ತರ. ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಇತರ ಮಕ್ಕಳು ಅವನನ್ನು ಪರಕೀಯನೆಂದು ಹಂಗಿಸಿದರೆ, ಶಾಲೆಯಲ್ಲಿ ಜರ್ಮನ್ ಸಹಪಾಠಿಗಳು ಯಹೂದಿಯೆಂದು ದೂರವಿಟ್ಟರು. ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ಬೆಳೆದ ಹುಡುಗ ಓದಿನಲ್ಲಿ ಸಾಧಾರಣನಾಗಿದ್ದ. ಮಗ ತನ್ನಂತೆ ವೈದ್ಯನಾಗಲೆಂಬ ಮಲತಂದೆಯ ಆಸೆ ಈಡೇರಲಿಲ್ಲ. ಶಾಲೆ ಮುಗಿಸಿದ ಆತ ಚಿತ್ರಕಲಾವಿದನಾಗುವ ಹಂಬಲದಿಂದ ಯುರೋಪಿನಲ್ಲಿ ಅಲೆದಾಡಿದ. ಕೆಲಕಾಲ ಮ್ಯೂನಿಕ್‌ನಲ್ಲಿ, ಕೆಲಕಾಲ ಇಟಲಿಯಲ್ಲಿ ಕಳೆದು, ಯಾವುದರಲ್ಲಿಯೂ ನೆಲೆ ಕಾಣದೆ, ಮನಸ್ಸು ಕುಗ್ಗಿಸಿಕೊಂಡು ಊರಿಗೆ ಮರಳಿದ. ಮುಂದೆ ತಾವು ಚಿಕಿತ್ಸೆ ನೀಡಿದ ಯುವಕರ ಸ್ಥಿತಿಗೂ ತಮ್ಮ ಆ ದಿನಗಳ ಸ್ಥಿತಿಗೂ ಹೆಚ್ಚಿನ ಅಂತರವಿರಲಿಲ್ಲ ಎಂಬುದನ್ನು ಎರಿಕ್ಸನ್ ಮರೆಮಾಚಲಿಲ್ಲ.

ವಿಯೆನ್ನಾ ತೋರಿಸಿದ ದಾರಿ

1927ರಲ್ಲಿ ಬಾಲ್ಯದ ಗೆಳೆಯ ಪೀಟರ್ ಬ್ಲೋಸ್ ಅವರಿಂದ ವಿಯೆನ್ನಾಕ್ಕೆ ಬರುವಂತೆ ಕರೆ ಬಂತು. ಸಿಗ್ಮಂಡ್ ಫ್ರಾಯ್ಡ್ ಅವರ ಮಗಳು ಅನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಂ ಅವರ ಆಸರೆಯಲ್ಲಿ ಅಲ್ಲೊಂದು ಪುಟ್ಟ ಶಾಲೆ ಆರಂಭವಾಗಿತ್ತು. ಅಲೆಮಾರಿ ಕಲಾವಿದ ಅಲ್ಲಿ ಶಿಕ್ಷಕನಾದ. ಮಕ್ಕಳೊಡನೆ ಬೆರೆಯುವ ಆತನ ಸಹಜ ಗುಣವನ್ನು ಗುರುತಿಸಿದ ಅನ್ನಾ ಫ್ರಾಯ್ಡ್ ಸ್ವತಃ ಆತನನ್ನು ಮನೋವಿಶ್ಲೇಷಣೆಗೆ ಒಳಪಡಿಸಿ, ಆ ವಿದ್ಯೆಯನ್ನೂ ಕಲಿಸಿದರು. 1933ರಲ್ಲಿ ತರಬೇತಿ ಪೂರ್ಣಗೊಂಡಿತು. ಅದು ಮತ್ತು ಮಾಂಟೆಸ್ಸರಿ ಶಿಕ್ಷಣದ ಪ್ರಮಾಣಪತ್ರವನ್ನು ಬಿಟ್ಟರೆ ಎರಿಕ್ಸನ್ ಅವರಿಗೆ ಕೊನೆಯವರೆಗೂ ವಿಶ್ವವಿದ್ಯಾಲಯದ ಯಾವ ಪದವಿಯೂ ಇರಲಿಲ್ಲ.

ವಿಯೆನ್ನಾದಲ್ಲಿಯೇ ಕೆನಡಾ ಮೂಲದ ಜೋನ್ ಸರ್ಸನ್ ಅವರೊಡನೆ 1930ರಲ್ಲಿ ವಿವಾಹವಾಯಿತು. ನೃತ್ಯಪಟುವೂ ಶಿಕ್ಷಕಿಯೂ ಆಗಿದ್ದ ಜೋನ್ ಮುಂದೆ ಪತಿಯ ಬರಹಗಳನ್ನು ತಿದ್ದಿದವರು, ಅವರ ಚಿಂತನೆಯಲ್ಲಿ ಸಮಭಾಗಿಯಾದವರು. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ದಂಪತಿ ಮಕ್ಕಳೊಡನೆ ಡೆನ್ಮಾರ್ಕಿಗೆ ತೆರಳಿದರು. ಅಲ್ಲಿ ನೆಲೆಸಲು ಅನುಮತಿ ದೊರೆಯದೆ ಅಮೆರಿಕದ ಬಾಸ್ಟನ್ ಸೇರಿದರು.

ಬಾಸ್ಟನ್, ಯೇಲ್, ಕ್ಯಾಲಿಫೋರ್ನಿಯಾಗಳಲ್ಲಿ ಅವರ ಕೆಲಸ ಸಾಗಿತು. 1938ರಲ್ಲಿ ದಕ್ಷಿಣ ಡಕೋಟಾದ ಪೈನ್ ರಿಡ್ಜ್‌ಗೆ ಹೋಗಿ ಸೂ ಮೂಲನಿವಾಸಿಗಳ ಮಕ್ಕಳ ಪಾಲನೆಯನ್ನು ಅಭ್ಯಸಿಸಿದರು. ಮನೆಯ ಕಲಿಕೆಗೂ ಸರ್ಕಾರಿ ಶಾಲೆಯ ಕಲಿಕೆಗೂ ತಾಳೆಯಾಗದೆ ಆ ಮಕ್ಕಳು ನಡುನೀರಿನಲ್ಲಿ ನಿಂತದ್ದನ್ನು ಕಂಡರು. ಮನಸ್ಸಿನ ತೊಂದರೆಯ ಬೇರು ಮನೆಯೊಳಗೆ ಮಾತ್ರವಲ್ಲ, ಸಮಾಜದಲ್ಲಿಯೂ ಇರುತ್ತದೆಂಬ ಅವರ ನಂಬಿಕೆ ಅಲ್ಲಿ ಗಟ್ಟಿಯಾಯಿತು. 1939ರಲ್ಲಿ ಅಮೆರಿಕದ ಪೌರತ್ವ ದೊರೆತಾಗ ಹೋಂಬರ್ಗರ್ ಎಂಬ ಕುಲನಾಮವನ್ನು ನಡುವಿಗೆ ಸರಿಸಿ ಎರಿಕ್ಸನ್ ಎಂಬ ಹೆಸರನ್ನು ತಾವೇ ಇರಿಸಿಕೊಂಡರು. ಎರಿಕ್‌ನ ಮಗ ಎಂಬುದು ಅದರ ಅರ್ಥ. ತಂದೆಯ ಹೆಸರು ತಿಳಿಯದವನು ತನಗೆ ತಾನೇ ತಂದೆಯಾದ ಬಗೆ ಇದು.

ಬಿಕ್ಕಟ್ಟು ಎಂದರೆ ರೋಗವಲ್ಲ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೌಂಟ್ ಜಿಯಾನ್ ಚಿಕಿತ್ಸಾಲಯಕ್ಕೆ ರಣರಂಗದಿಂದ ಮರಳಿದ ಸೈನಿಕರು ಬರುತ್ತಿದ್ದರು. ಅವರಲ್ಲಿ ಅನೇಕರು ಹುಚ್ಚರೂ ಅಲ್ಲ, ನಟಿಸುವವರೂ ಅಲ್ಲ. ತಾನು ಹಿಂದೆ ಇದ್ದವನೇ ಎಂಬ ಎಳೆ ಅವರೊಳಗೆ ಕಡಿದುಹೋಗಿತ್ತು. ಈ ಸ್ಥಿತಿಯನ್ನು ಸೂಚಿಸಲು ಬಳಕೆಗೆ ಬಂದದ್ದೇ ಐಡೆಂಟಿಟಿ ಕ್ರೈಸಿಸ್, ಅಂದರೆ ಅಸ್ಮಿತೆಯ ಬಿಕ್ಕಟ್ಟು ಎಂಬ ಮಾತು. ತಳಮಳಗೊಂಡ ಹದಿಹರೆಯದವರಲ್ಲಿಯೂ ಎರಿಕ್ಸನ್ ಇದನ್ನೇ ಕಂಡರು. 1950ರಲ್ಲಿ ಪ್ರಕಟವಾದ ಚೈಲ್ಡ್‌ಹುಡ್ ಅಂಡ್ ಸೊಸೈಟಿ ಗ್ರಂಥದಲ್ಲಿ ಮಾನವ ಜೀವನವನ್ನು ಎಂಟು ಹಂತಗಳಾಗಿ ವಿಂಗಡಿಸಿ, ತಾನು ಯಾರೆಂಬ ಪ್ರಶ್ನೆಯನ್ನು ಹದಿಹರೆಯದ ಐದನೆಯ ಹಂತದಲ್ಲಿ ಇರಿಸಿದರು.

ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಬೋಧಕರಿಂದ ಕಮ್ಯುನಿಸ್ಟ್ ವಿರೋಧಿ ನಿಷ್ಠೆಯ ಪ್ರಮಾಣವನ್ನು ಕೇಳಿತು. ಎರಿಕ್ಸನ್ ಸಹಿ ಹಾಕಲೊಪ್ಪದೆ ಹುದ್ದೆ ತೊರೆದರು. 1951ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಟಾಕ್‌ಬ್ರಿಜ್ ಎಂಬ ಸಣ್ಣ ಊರಿನ ಆಸ್ಟೆನ್ ರಿಗ್ಸ್ ಸೆಂಟರ್ ಸೇರಿದರು. ಅವರ ಚಿಕಿತ್ಸಕ ಜೀವನದ ಮುಖ್ಯ ಅಧ್ಯಾಯ ಇಲ್ಲಿಯದು.

ರಿಗ್ಸ್ ಬೀಗ ಹಾಕದ ಮನೋರೋಗ ಚಿಕಿತ್ಸಾಲಯ. ಬಂದವರಲ್ಲಿ ಕಾಲೇಜು ಬಿಟ್ಟ, ಮನೆಯಿಂದ ದೂರ ಸರಿದ ತರುಣ ತರುಣಿಯರು ಅನೇಕರಿದ್ದರು. ಇವರಿಗೆ ಶಾಶ್ವತ ರೋಗಿಯೆಂಬ ಹಣೆಪಟ್ಟಿ ಅಂಟಿಸುವುದೇ ದೊಡ್ಡ ಅಪಾಯವೆಂದು ಎರಿಕ್ಸನ್ ಅರಿತರು. ಏನೂ ಅಲ್ಲದವನಾಗಿ ಇರುವುದಕ್ಕಿಂತ ಕೆಟ್ಟವನಾಗಿಯಾದರೂ ಇರುವುದನ್ನು ಯುವ ಮನಸ್ಸು ಆರಿಸಿಕೊಳ್ಳಬಲ್ಲದು. ಪುಂಡನೆಂದು ಊರು ಕರೆದರೆ ಪುಂಡನೇ ಆಗುತ್ತಾನೆ. ರೋಗಿಯೆಂದು ಆಸ್ಪತ್ರೆ ಬರೆದರೆ ಜೀವಮಾನವೆಲ್ಲ ರೋಗಿಯಾಗಿ ಉಳಿಯುತ್ತಾನೆ. 1956ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಅವರು ಇದನ್ನು ವಿವರವಾಗಿ ಚರ್ಚಿಸಿದರು. ಯುವಕರಿಗೆ ಜವಾಬ್ದಾರಿಗಳನ್ನು ಮುಂದೂಡಿ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವ ಬಿಡುವು ಬೇಕೆಂಬುದು ಅವರ ವಾದ. ಜೋನ್ ಅಲ್ಲಿ ಚಿತ್ರಕಲೆ, ಕರಕುಶಲ, ನಾಟಕಗಳ ಚಟುವಟಿಕೆಯನ್ನು ಕಟ್ಟಿದರು. ಅಲ್ಲಿ ಯಾರೂ ರೋಗಿಯಲ್ಲ, ಎಲ್ಲರೂ ಕೆಲಸಗಾರರು. ಊರಿನ ಎಳೆಯ ಮಕ್ಕಳಿಗಾಗಿ ನಡೆದ ಶಿಶುವಿಹಾರದಲ್ಲಿಯೂ ಚಿಕಿತ್ಸೆಗೆ ಬಂದವರು ನೆರವಾದರು.

ಮುಖವಿಲ್ಲದ ಮುಖ

ಎರಿಕ್ಸನ್ ಬರೆದಿಟ್ಟ ಒಂದು ಪ್ರಕರಣ ಅವರ ಚಿಕಿತ್ಸಾ ಕ್ರಮವನ್ನು ಚೆನ್ನಾಗಿ ತೋರಿಸುತ್ತದೆ. ಧರ್ಮಪ್ರಚಾರಕನಾಗಲು ಓದುತ್ತಿದ್ದ, ಇಪ್ಪತ್ತು ದಾಟಿದ ತರುಣನೊಬ್ಬ ಮನಸ್ಸು ಕದಡಿ ಚಿಕಿತ್ಸೆಗೆ ಬಂದಿದ್ದ. ಒಂದು ದಿನ ಆತ ಭಯಾನಕ ಕನಸೊಂದನ್ನು ಹೇಳಿದ. ಹಳೆಯ ಕಾಲದ ಕುದುರೆಗಾಡಿಯಲ್ಲಿ ಒಂದು ದೊಡ್ಡ ಮುಖ. ಅದಕ್ಕೆ ಕಣ್ಣು ಮೂಗುಗಳಿಲ್ಲ, ಸುತ್ತಲೂ ಹಾವಿನಂಥ ಕೂದಲು. ಅದು ತನ್ನ ತಾಯಿಯಿರಬಹುದೇ ಎಂಬ ಅಳುಕು ಆತನಿಗೆ.

ಎರಿಕ್ಸನ್ ಈ ಕನಸಿಗೆ ಒಂದೇ ಅರ್ಥ ಕಟ್ಟಲಿಲ್ಲ. ಕುದುರೆಗಾಡಿ ಆತನ ಅಜ್ಜನ ಕಾಲದ ನೆಮ್ಮದಿಯನ್ನು ನೆನಪಿಸಿದರೆ, ಖಾಲಿ ಮುಖ ತಾಯಿಯ ದುಃಖವನ್ನೂ ತರುಣನ ಸ್ವಂತ ಗುರುತಿನ ಅಭಾವವನ್ನೂ ಸೂಚಿಸುತ್ತಿತ್ತು. ಇನ್ನೊಂದು ಸಂಗತಿಯನ್ನೂ ಅವರು ಕಡೆಗಣಿಸಲಿಲ್ಲ. ಎರಿಕ್ಸನ್ ಅವರದ್ದೂ ಕೆದರಿದ ಬಿಳಿಗೂದಲು. ಕೆಲವು ತಿಂಗಳ ಹಿಂದೆ ತುರ್ತು ಶಸ್ತ್ರಚಿಕಿತ್ಸೆಗಾಗಿ ಅವರು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಆಸರೆಯಾಗಿದ್ದ ಮುಖ ಇಲ್ಲವಾಗಿಬಿಟ್ಟರೆ ಎಂಬ ಭಯವೂ ಆ ಕನಸಿನಲ್ಲಿತ್ತು. ಇದನ್ನು ಅವರು ತರುಣನಿಗೆ ನೇರವಾಗಿ ತಿಳಿಸಿದರು. ಆತ ಹಗುರಾಗಿ ಹೊರನಡೆದ. ಚಿಕಿತ್ಸಕನೂ ಚಿತ್ರದ ಒಂದು ಭಾಗವೇ ಎಂಬುದು ಇಲ್ಲಿಯ ಪಾಠ.

ಅಹಮದಾಬಾದಿನ ನಂಟು

ಯುವಜನರ ಬಿಕ್ಕಟ್ಟಿನ ಅಧ್ಯಯನವೇ ಅವರನ್ನು ಮಹಾಪುರುಷರ ಜೀವನದತ್ತ ಕೊಂಡೊಯ್ದಿತು. 1958ರಲ್ಲಿ ಮಾರ್ಟಿನ್ ಲೂಥರ್ ಅವರ ಯೌವನವನ್ನು ಕುರಿತ ಗ್ರಂಥ ಬಂತು. 1960ರಿಂದ 1970ರವರೆಗೆ, ಪದವಿಯಿಲ್ಲದ ಈ ವ್ಯಕ್ತಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1962ರಲ್ಲಿ ವಿಚಾರ ಸಂಕಿರಣಕ್ಕೆಂದು ಅಹಮದಾಬಾದಿಗೆ ಬಂದಾಗ, ಗಾಂಧೀಜಿ 1918ರಲ್ಲಿ ನಡೆಸಿದ ಗಿರಣಿ ಕಾರ್ಮಿಕರ ಹೋರಾಟ ಅವರ ಮನಸ್ಸನ್ನು ಸೆಳೆಯಿತು. 1969ರಲ್ಲಿ ಪ್ರಕಟವಾದ ಗಾಂಧೀಸ್ ಟ್ರುತ್ ಗ್ರಂಥ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅದು ಬರಿಯ ಪ್ರಶಂಸೆಯ ಗ್ರಂಥವಲ್ಲ. ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಹುಡುಗರ ಚೇಷ್ಟೆಯ ನಂತರ ಗಾಂಧೀಜಿ ಹುಡುಗಿಯರ ಕೂದಲು ಕತ್ತರಿಸಿದ್ದನ್ನು ಎರಿಕ್ಸನ್ ಅದರಲ್ಲಿ ಆಕ್ಷೇಪಿಸಿದ್ದಾರೆ. ಹರೆಯದವರ ಮೇಲಿನ ಬಲಾತ್ಕಾರ ಅಹಿಂಸೆಯೊಡನೆ ಕೂಡಿಬಾರದೆಂಬುದು ಅವರ ನಿಲುವಾಗಿತ್ತು.

ಮನೆಯೊಳಗಿನ ಮೌನ

ಎರಿಕ್ಸನ್ ಜೀವನದಲ್ಲಿ ನೆರಳೂ ಇತ್ತು. 1944ರಲ್ಲಿ ಜನಿಸಿದ ಅವರ ನಾಲ್ಕನೆಯ ಮಗು ನೀಲ್‌ಗೆ ಡೌನ್ ಸಿಂಡ್ರೋಮ್ ಇತ್ತು. ಅಂದಿನ ವೈದ್ಯರ ಸಲಹೆಯಂತೆ ಮಗುವನ್ನು ಪಾಲನಾ ಸಂಸ್ಥೆಗೆ ಸೇರಿಸಲಾಯಿತು. ಮನೆಯ ಕಿರಿಯ ಮಕ್ಕಳಿಗೆ ಮಗು ಹುಟ್ಟುತ್ತಲೇ ತೀರಿಕೊಂಡಿತೆಂದು ತಿಳಿಸಲಾಯಿತು. ನೀಲ್ 21 ವರ್ಷ ಬದುಕಿದ್ದ. ತಮ್ಮ ತಂದೆಯ ವಿಷಯದಲ್ಲಿ ತಾಯಿ ಬಚ್ಚಿಟ್ಟ ಸತ್ಯದಿಂದ ಜೀವನಪೂರ್ತಿ ನೊಂದವರೇ ತಮ್ಮ ಮಕ್ಕಳಿಂದಲೂ ಸತ್ಯವನ್ನು ಬಚ್ಚಿಟ್ಟರು. ಮನೋಚಿಕಿತ್ಸಕಿಯಾದ ಮಗಳು ಸೂ 2005ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮೌನ ಮನೆಯವರ ಮೇಲೆ ಬೀರಿದ ಪರಿಣಾಮವನ್ನು ದಾಖಲಿಸಿದ್ದಾರೆ.

ಅವರ ಸಿದ್ಧಾಂತಕ್ಕೂ ಟೀಕೆಗಳು ಬಂದವು. ಹೆಣ್ಣುಮಕ್ಕಳ ಅಸ್ಮಿತೆಯನ್ನು ವಿವಾಹ, ತಾಯ್ತನಗಳಿಗೆ ಅತಿಯಾಗಿ ಕಟ್ಟಿಹಾಕಿದರೆಂದು ಸ್ತ್ರೀವಾದಿಗಳು ಆಕ್ಷೇಪಿಸಿದರು. ಎಂಟು ಹಂತಗಳು ಎಲ್ಲ ಸಮಾಜಗಳಲ್ಲಿಯೂ ಒಂದೇ ಕ್ರಮದಲ್ಲಿ ಬರುತ್ತವೆಯೇ ಎಂಬ ಪ್ರಶ್ನೆಯೂ ಇದೆ. ಹದಿಹರೆಯದ ಕಷ್ಟಗಳೆಲ್ಲವೂ ಅಸ್ಮಿತೆಯ ಬಿಕ್ಕಟ್ಟಲ್ಲ ಎಂಬುದನ್ನೂ ಮರೆಯುವಂತಿಲ್ಲ. ತೀವ್ರ ಖಿನ್ನತೆ, ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳು ಈ ವಯಸ್ಸಿನಲ್ಲಿಯೇ ತಲೆದೋರಬಹುದು. ಅವಕ್ಕೆ ತಡಮಾಡದೆ ವೈದ್ಯಕೀಯ ಚಿಕಿತ್ಸೆ ಬೇಕು.

ಎರಿಕ್ಸನ್ 1994ರ ಮೇ 12ರಂದು ಮ್ಯಾಸಚೂಸೆಟ್ಸ್‌ನ ಹಾರ್ವಿಚ್‌ನಲ್ಲಿ ತಮ್ಮ 91ನೆಯ ವಯಸ್ಸಿನಲ್ಲಿ ನಿಧನರಾದರು. ಜೋನ್ ವೃದ್ಧಾಪ್ಯದ ಕೊನೆಯ ವರ್ಷಗಳನ್ನು ಕುರಿತು ಒಂಬತ್ತನೆಯ ಹಂತವೊಂದನ್ನು ಸೇರಿಸಿ, 1997ರಲ್ಲಿ ತಾವೂ ತೀರಿಕೊಂಡರು. ಆಸ್ಟೆನ್ ರಿಗ್ಸ್ ಸೆಂಟರಿನ ಶಿಕ್ಷಣ ಮತ್ತು ಸಂಶೋಧನಾ ವಿಭಾಗ ಇಂದು ಎರಿಕ್ಸನ್ ಅವರ ಹೆಸರನ್ನು ಹೊತ್ತಿದೆ. ಕೋಣೆ ಸೇರಿದ ಮಗನನ್ನೋ ಮಾತು ನಿಲ್ಲಿಸಿದ ಮಗಳನ್ನೋ ತಜ್ಞರ ಬಳಿಗೆ ಕರೆದೊಯ್ಯುವ ಹೆತ್ತವರಿಗೆ ಅವರ ಬದುಕು ತಿಳಿಸುವ ವಿಷಯ ಸರಳವಾದುದು. ಚಿಕಿತ್ಸೆ ಕೊಡಿಸಬೇಕು, ಜೊತೆಗೆ ಬಿಡುವನ್ನೂ ಕೊಡಬೇಕು. ಹಣೆಪಟ್ಟಿಯನ್ನು ಮಾತ್ರ ಅಂಟಿಸಬಾರದು.